ತುಂಬಿದ ದಿನಕ್ಕೆ ಗೆರೆಯಿಲ್ಲ

ಚಳಿಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಬೆಳಗಿನ ಏಳು ಗಂಟೆಯಾದರೂ ಮಂಜು ಬೇಲಿಯ ತಂತಿಗೆ ಅಂಟಿಕೊಂಡೇ ಇತ್ತು. ಮೊಟ್ಟೆಯ ಲಾರಿ ಹಿಂದಕ್ಕೆ ಹಿಂದಕ್ಕೆ ಬಂದು ಮರಿಮನೆಯ ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಕೆಲಸದವರು ಸಾಲಾಗಿ ನಿಂತು ಟ್ರೇಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಅವರ ಬಾಯಿಂದ ಹೊರಟ ಹಬೆ ಟ್ರೇಯ ಮೇಲೆ ತೇಲಿ ಹೋಗುತ್ತಿತ್ತು.

ಈ ಸಾಲಿನ ತಲೆಯಲ್ಲಿ ಯಾವಾಗಲೂ ನಿಲ್ಲುತ್ತಿದ್ದವನು ಕಾವಜ್ಜ. ಮೂವತ್ತು ವರ್ಷದಿಂದ ಮೊಟ್ಟೆಗಳಿಗೆ ಕಾವು ಕೊಡಿಸಿಕೊಂಡು ಬಂದವನಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಎರಡು ಮೊಟ್ಟೆ ಎತ್ತಿ ಒಂದಕ್ಕೊಂದು ಮೆಲ್ಲಗೆ ತಾಗಿಸಿ, ಕಿವಿಗೆ ಹಿಡಿದು, ಒಡಕಿದ್ದರೆ ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಇವತ್ತು ಅವನು ಸಾಲಿನಲ್ಲಿರಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ತನ್ನ ಟಾರ್ಚು, ಕಂಬಳಿ, ಹಳೆಯ ಪಾದರಸದ ಥರ್ಮಾಮೀಟರುಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದ. ಮಧ್ಯಾಹ್ನದೊಳಗೆ ಕೀಲಿಕೈ ಒಪ್ಪಿಸಿ ಹೊರಡಬೇಕೆಂದು ಯಜಮಾನಿ ಹೇಳಿ ಆಗಿತ್ತು.

ಮೂರು ದಿನದ ಹಿಂದೆ, ಮೊಟ್ಟೆಗೆ ಕಾವು ಕೊಡುವ ನಾಲ್ಕನೇ ಪೆಟ್ಟಿಗೆ ಸತ್ತಿತ್ತು. ಪೆಟ್ಟಿಗೆ ಎನ್ನುವುದು ಮಾತಿಗಷ್ಟೆ. ಒಂದೊಂದೂ ಒಂದು ಕೋಣೆಯಷ್ಟು ದೊಡ್ಡದು, ಅಂಥವು ಆರು. ನಾಲ್ಕನೆಯದರಲ್ಲಿ ಒಂಬತ್ತು ಸಾವಿರದ ಆರುನೂರು ಮೊಟ್ಟೆ. ಮರಿಗಳು ಒಳಗಿಂದ ಕುಟ್ಟಿ ಚಿಪ್ಪಿಗೆ ತೂತು ಹಾಕಿದ್ದವು. ಕೆಲವು ಕೊಕ್ಕನ್ನು ಹೊರಗೂ ಹಾಕಿದ್ದವು. ಆ ಹೊತ್ತಿಗೆ ಪೆಟ್ಟಿಗೆಯ ಕಾವು ನಿಂತಿತು, ಗಾಳಿಕಂಡಿ ಪೂರಾ ತೆರೆಯಿತು. ಹೊರಗಿನ ಚಳಿಯೆಲ್ಲ ಒಳಗೆ ಹೊಕ್ಕಿತು. ಹತ್ತು ಗಂಟೆಗೆಲ್ಲ ಚಿಂವ್‌ಗುಟ್ಟುವ ಸದ್ದು ಪೂರ್ತಿ ಅಡಗಿಹೋಗಿತ್ತು.

ಮರಿಮನೆಯ ಮೇಲಂತಸ್ತಿನಲ್ಲಿ ಎರಡು ಕೋಣೆ. ಅಲ್ಲಿ ಕೂತು ಅಣ್ಣ, ತಂಗಿ ಇಬ್ಬರೂ ಆ ಪೆಟ್ಟಿಗೆಗಳನ್ನು ನಡೆಸುವ ಕಂಪ್ಯೂಟರ್ ಕೋಡು ಬರೆಯುತ್ತಿದ್ದರು. ಎಂಟು ವರ್ಷದ ಹಿಂದೆ ಅಣ್ಣ ಒಬ್ಬನೇ ಕೂತು ಬರೆದದ್ದು ಅದು. ಈಗ ನಲವತ್ತು ಮರಿಮನೆಗಳಲ್ಲಿ ಅದೇ ಓಡುತ್ತಿತ್ತು. ಆ ಕೋಡನ್ನು ಯಾರಾದರೂ ಹೊಗಳಿದರೆ ಅಣ್ಣ ಅಂಗೈ ಚಾಚಿ, “ಇಷ್ಟರಲ್ಲಿ ಹಿಡಿಸುತ್ತೆ ನೋಡಿ,” ಅನ್ನುತ್ತಿದ್ದ. ನಿಜ, ಹಿಡಿಸುತ್ತಿತ್ತು. ಉದ್ದದ ಹೆಸರೊಂದೂ ಅದರಲ್ಲಿರಲಿಲ್ಲ. ಡಿ, ಡಿಡಿ, ಡಿ೨, ಕೆ, ಕೆ೨ ಇಷ್ಟೇ. ಡಿ ಅಂದರೆ ಒಂದು ಕಡೆ ಡೇ, ಇನ್ನೊಂದು ಕಡೆ ಡಿಗ್ರಿ, ಮೂರನೇ ಕಡೆ ಡೋರು. ಯಾಕೆ ಹೀಗೆ ಬರೆದೆ ಎಂದು ಹೇಳುವ ಒಂದು ಸಾಲು ಟಿಪ್ಪಣಿ ಹುಡುಕಿದರೂ ಸಿಗುತ್ತಿರಲಿಲ್ಲ.

ತಂಗಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸೇರಿದ ತಿಂಗಳಲ್ಲೇ ಒಂದು ಹಾಳೆಯಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದ್ದಳು. ಹೆಸರು ಓದಿದರೆ ಅದೇನೆಂದು ತಿಳಿಯಬೇಕು. ಬರೀ ಅಂಕೆ ಎಲ್ಲೂ ಬೇಡ, ಅಂಕೆಗೂ ಹೆಸರಿರಲಿ. ಏನು ಮಾಡುತ್ತದೆಂದು ಬರೆಯಬೇಡಿ, ಯಾಕೆ ಮಾಡುತ್ತದೆಂದು ಬರೆಯಿರಿ. ಯಾಕಿದೆಯೆಂದು ಗೊತ್ತಿಲ್ಲದ ಸಾಲನ್ನು ಕೇಳದೆ ಮುಟ್ಟಬೇಡಿ. ಹೀಗೆ ಒಂದಿಷ್ಟು.

ಅಣ್ಣ ಅದನ್ನು ಟೀ ಲೋಟ ಹಿಡಿದುಕೊಂಡೇ ಓದಿ ನಕ್ಕಿದ್ದ. “ಹೆಸರಿಡೋ ಅಂಗಡಿ ತೆಗೀತೀಯಾ ಇಲ್ಲಿ? ಕೋಡು ಓಡಬೇಕು ಕಣೆ, ಓದಿಸಿಕೊಳ್ಳೋದಲ್ಲ.”

“ನಾಳೆ ನೀನು ಬಸ್ಸಿನಡಿಗೆ ಬಿದ್ರೆ ಇದನ್ನ ಯಾರು ಓದ್ಬೇಕು?”

“ಬೀಳಲ್ಲ. ನಾನು ಎಡಗಡೇನೇ ನಡೆಯೋದು. ಎಲ್ಲಾ ಇಲ್ಲಿದೆ,” ಎಂದು ತಲೆಯನ್ನು ಬೆರಳಿನಿಂದ ತಟ್ಟಿಕೊಂಡಿದ್ದ.

ಈ ಬೆಳಗ್ಗೆ ಅವನ ಮುಂದೆ ನಾಲ್ಕನೇ ಪೆಟ್ಟಿಗೆಯ ದಾಖಲೆ ತೆರೆದಿತ್ತು. ಪೆಟ್ಟಿಗೆಯಲ್ಲಿ ಏನೇ ಆದರೂ ಒಂದು ಅಂಕೆ ಅದರೊಳಗೆ ಬೀಳುತ್ತಿತ್ತು. ಆ ಬೆಳಗಿನ ಆರು ಗಂಟೆಗೆ ಏಳು. ಆಮೇಲೆ ಎಂಟು. ಮತ್ತೆ ಏಳು, ಎಂಟು, ಏಳು, ಎಂಟು. ಒಟ್ಟು ನಾಲ್ಕು ಸಲ ಎಂಟು, ಐದು ಸಲ ಏಳು.

“ಏಳು ಅಂದ್ರೆ ನಿಂತಿದ್ದು, ಎಂಟು ಅಂದ್ರೆ ಕೈಯಿಂದ ಶುರು ಮಾಡಿದ್ದು,” ಅಂದ ಅಣ್ಣ. “ಮುದುಕ ಸ್ವಿಚ್ಚಿನ ಜೊತೆ ಆಟ ಆಡಿದ್ದಾನೆ. ಯಜಮಾನಿಗೂ ಇದನ್ನೇ ತೋರಿಸಿದ್ದೀನಿ.”

“ಏಳು ಅಂದ್ರೆ ಯಾರು ನಿಲ್ಲಿಸಿದ್ದು? ಅಜ್ಜನೋ, ಪೆಟ್ಟಿಗೆನೋ?”

“ಎರಡಕ್ಕೂ ಏಳೇ.”

“ಎರಡಕ್ಕೂ ಏಳೇನಾ?”

“ನಿಂತರೆ ನಿಂತ ಹಾಗೆ. ಅದಕ್ಕೆ ಎರಡು ಬಗೆ ಯಾಕೆ?”

ತಂಗಿಯ ಕೈಯಲ್ಲಿದ್ದ ಪೆನ್ನು ಮೇಜಿಗೆ ಬಿತ್ತು. ಅವಳು ಎಸೆದಿದ್ದಳೋ, ಜಾರಿತೋ, ಅವಳಿಗೂ ತಿಳಿಯಲಿಲ್ಲ. “ಒಬ್ಬ ಮನುಷ್ಯನ ಅನ್ನ ಹೋಗ್ತಿದೆ ಅಣ್ಣ, ನೀನು ಎರಡು ಕಡೆ ಒಂದೇ ಅಂಕೆ ಬರೆದಿದ್ದಕ್ಕೆ.”

“ಪೆಟ್ಟಿಗೆ ತಾನಾಗೇ ಯಾಕೆ ನಿಲ್ಲುತ್ತೆ? ಎಂಟು ವರ್ಷ ನಿಂತಿಲ್ಲ. ಹೋಗು, ನಿನ್ನ ಕೆಲಸ ನೋಡು.”

ಅವಳು ಕೆಲಸ ನೋಡಲಿಲ್ಲ. ಮೆಟ್ಟಿಲಿಳಿದು ಬಂದಳು. ಟೀ ಪಾತ್ರೆಯಿಂದ ಎರಡು ಲೋಟ ತುಂಬಿಸಿಕೊಂಡು ಬೆಂಚಿನ ಬಳಿ ಹೋಗಿ ಒಂದನ್ನು ಕಾವಜ್ಜನಿಗೆ ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ತೆಗೆದುಕೊಂಡ.

“ಆವತ್ತು ಏನಾಯ್ತು ಅಜ್ಜ? ಒಂದೂ ಬಿಡದೆ ಹೇಳು.”

“ಹೇಳಿ ಏನು ಮಾಡ್ಲಿ ತಾಯಿ? ಪೆಟ್ಟಿಗೆ ಹೇಳಿದ್ದೇ ಸತ್ಯ ಅಂತಾಯ್ತಲ್ಲ.”

“ನನಗೋಸ್ಕರ ಹೇಳು.”

“ಆರು ಗಂಟೆಗೆ ಬಾಗಿಲ ಮೇಲೆ ದಿನದ ಗೆರೆ ಹಾಕೋಕೆ ಬಂದೆ. ಗೆರೆ ಹಾಕಿ ಬಾಗಿಲಿಗೆ ಕಿವಿ ಕೊಟ್ಟೆ. ಮರಿ ಸದ್ದು ಚೆನ್ನಾಗಿತ್ತು. ಆಮೇಲೆ ಫ್ಯಾನು ಸದ್ದು ಬದಲಾಯ್ತು. ನೋಡಿದ್ರೆ ಕಾವಿನ ದೀಪ ಆರಿದೆ, ಕಂಡಿ ತೆಗೀತಾ ಇದೆ. ಗುಂಡಿ ಒತ್ತಿದೆ. ಹೊತ್ಕೊಳ್ತು. ಬೆನ್ನು ತಿರುಗಿಸೋಷ್ಟರಲ್ಲಿ ಆರಿತು. ನಾಲ್ಕು ಸಲ ಒತ್ತಿದೆ ತಾಯಿ. ನಾಲ್ಕು ಸಲಾನೂ ನನ್ನ ಮುಖಕ್ಕೆ ಹೊಡೆದ ಹಾಗೆ ಆರಿತು. ಕಂಡಿಗೆ ಗೋಣಿ ತುರುಕಿದೆ. ಬಿಸಿನೀರಿನ ಹಂಡೆ ಒಳಗಿಟ್ಟೆ. ಬೇರೆ ಪೆಟ್ಟಿಗೆಗೆ ಹಾಕೋಣ ಅಂದ್ರೆ ಐದೂ ತುಂಬಿವೆ.” ಟೀ ಕುಡಿಯುವುದನ್ನು ಮರೆತು ಅವನು ಕೈಯನ್ನೇ ನೋಡಿಕೊಂಡ. “ನಿಮ್ಮಣ್ಣಂಗೆ ಫೋನೂ ಮಾಡಿದೆ.”

“ಫೋನ್ ಮಾಡಿದ್ಯಾ?”

“ಮೊದಲನೇ ಸಲ ಆರಿದ ಕೂಡ್ಲೇ. ನಿದ್ದೇಲಿದ್ರು ಪಾಪ. ‘ಮುಟ್ಟಬೇಡಿ ಅಜ್ಜ, ಅದಕ್ಕೆ ಎಲ್ಲಾ ಗೊತ್ತು’ ಅಂದು ಇಟ್ಟುಬಿಟ್ರು.”

“ಇದನ್ನ ಯಜಮಾನಿಗೆ ಯಾಕೆ ಹೇಳಲಿಲ್ಲ?”

“ನಿಮ್ಮಣ್ಣನೇ ಹೇಳ್ತಾರೆ ಅಂತ ಕಾದೆ,” ಅಂದ ಕಾವಜ್ಜ.

ತಂಗಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. ನೇರ ನಾಲ್ಕನೇ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು. ಒಳಗೆಲ್ಲ ತೊಳೆದಿದ್ದರು, ಔಷಧಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಾಗಿಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬಾಗಿಲ ಹಸಿರು ಬಣ್ಣದ ಮೇಲೆ ಸುಣ್ಣದ ಕಡ್ಡಿಯ ಗೆರೆಗಳಿದ್ದವು, ಐದೈದರ ಕಟ್ಟು. ಇದು ಕಾವಜ್ಜನ ಪದ್ಧತಿ. ದಿನಾ ಬೆಳಿಗ್ಗೆ ಆರಕ್ಕೆ ಒಂದೊಂದು ಪೆಟ್ಟಿಗೆಗೆ ಒಂದೊಂದು ಗೆರೆ. ಮರಿಗಳನ್ನು ಎತ್ತಿದ ಮೇಲೆ ಒದ್ದೆ ಬಟ್ಟೆಯಿಂದ ಅವನೇ ಒರೆಸುತ್ತಿದ್ದ. ಈ ಸಲ ಎತ್ತಲು ಮರಿ ಇರಲಿಲ್ಲ, ಅದಕ್ಕೇ ಒರೆಸಿರಲಿಲ್ಲ.

ಅವಳು ಬೆರಳಿಟ್ಟು ಎಣಿಸಿದಳು. ಐದು, ಹತ್ತು, ಹದಿನೈದು, ಇಪ್ಪತ್ತು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತೇ.

ಮರಿ ಹೊರಬರಲು ಇಪ್ಪತ್ತೊಂದು ದಿನ ಬೇಕು. ಇಪ್ಪತ್ತೊಂದನೆಯ ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ಕೆಲಸ ಮುಗಿಯಿತೆಂದು ಕಾವು ನಿಲ್ಲಿಸಿ ಕಂಡಿ ತೆರೆಯುತ್ತದೆ. ಅದು ಅವಳಿಗೆ ಬಾಯಿಪಾಠ. ಪೆಟ್ಟಿಗೆಯ ಲೆಕ್ಕದಲ್ಲಿ ಆವತ್ತು ಇಪ್ಪತ್ತೊಂದು. ಬಾಗಿಲಿನ ಲೆಕ್ಕದಲ್ಲಿ ಇಪ್ಪತ್ತು.

“ಅಜ್ಜ, ಒಂದು ಗೆರೆ ಬಿಟ್ಟಿದ್ದೀಯಾ?”

ಕಾವಜ್ಜ ಎದ್ದು ಬಂದ. ಅವನಿಗೆ ಕೋಪ ಬಂದದ್ದನ್ನು ಅವಳು ಅದೇ ಮೊದಲು ನೋಡಿದ್ದು. “ಮೂವತ್ತು ವರ್ಷದಲ್ಲಿ ಒಂದು ಗೆರೆ ಬಿಟ್ಟಿಲ್ಲ ನಾನು. ಅಲ್ಲಿ ಓದು.” ಬಾಗಿಲ ಚೌಕಟ್ಟಿನ ಮೇಲೆ, ಕಣ್ಣಿನ ಮಟ್ಟಕ್ಕೆ, ಬಿಳಿ ಬಣ್ಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆರೂ ಪೆಟ್ಟಿಗೆಯ ಮೇಲೂ ಇತ್ತು ಅದು. ದಿನಾ ಕಣ್ಣಿಗೆ ಬೀಳುತ್ತಿದ್ದದ್ದರಿಂದಲೇ ಅವಳು ಎಂದೂ ಓದಿರಲಿಲ್ಲ.

‘ತುಂಬಿದ ದಿನಕ್ಕೆ ಗೆರೆಯಿಲ್ಲ. ಮೊಟ್ಟೆ ತಣ್ಣಗಿರುತ್ತದೆ. ಬೆಚ್ಚಗಾಗಲು ಒಂದು ರಾತ್ರಿ ಬೇಕು. ಮಾರನೆಯ ಬೆಳಗು ಒಂದು.’

“ರಜೆಗೆ ಬದಲಿ ಬರೋರಿಗೆ ಗೊತ್ತಾಗ್ಲಿ ಅಂತ ಬರೆದಿದ್ದು. ಗೊತ್ತಿಲ್ಲದೋನು ತುಂಬಿದ ದಿನಾನೂ ಎಣಿಸ್ತಾನೆ, ಮರಿ ಬಲಿಯೋಕೆ ಮುಂಚೆ ಬಾಗಿಲು ತೆಗೀತಾನೆ. ನಿಮ್ಮಣ್ಣನೂ ಮೊದಮೊದಲು ಹಾಗೇ ಎಣಿಸಿದ್ರು. ನಾನೇ ಕರ್ಕೊಂಡು ಬಂದು ಇದನ್ನ ಓದಿಸಿದೆ. ‘ಸರಿ ಅಜ್ಜ, ಒಂದು ಕೂಡಿಸ್ತೀನಿ’ ಅಂದ್ರು. ಬರ್ಕೊಳ್ಳಿ ಸಾರ್ ಅಂದೆ. ‘ತಲೇಲಿದೆ’ ಅಂದ್ರು.”

ಒಂದು ಕೂಡಿಸ್ತೀನಿ.

ತಂಗಿ ಚೌಕಟ್ಟಿನ ಮೇಲಿನದನ್ನು ಮತ್ತೊಮ್ಮೆ ಓದಿದಳು. ಆ ‘ಒಂದು’ ಅವಳಿಗೆ ಗೊತ್ತಿತ್ತು.

ಕಳೆದ ತಿಂಗಳು ಅವಳು ಆ ಭಾಗವನ್ನು ಚೊಕ್ಕ ಮಾಡಿದ್ದಳು. ಡಿ ಇದ್ದಲ್ಲಿ ‘ದಿನಸಂಖ್ಯೆ’ ಎಂದು ಹಾಕಿದ್ದಳು. ಇಪ್ಪತ್ತೊಂದು ಎಂಬ ಬರೀ ಅಂಕೆಗೆ ‘ಕಾವು ನಿಲ್ಲಿಸುವ ದಿನ’ ಎಂದು ಹೆಸರಿಟ್ಟಿದ್ದಳು. ಅದರ ಪಕ್ಕದಲ್ಲೇ ಕೂಡಿಸು ಒಂದು ಎಂದಿತ್ತು, ಯಾವ ವಿವರಣೆಯೂ ಇಲ್ಲದೆ ನಂಟರಿಲ್ಲದವರ ಹಾಗೆ. ಕೈಪಿಡಿಯಲ್ಲಿ ಇಪ್ಪತ್ತೊಂದು ಎಂದೇ ಇದೆ. ಇದು ಅಣ್ಣನ ಎಡವಟ್ಟು ಎಂದುಕೊಂಡು ಅಳಿಸಿದ್ದಳು. ಬದಲಾವಣೆಯ ಟಿಪ್ಪಣಿಯಲ್ಲಿ ‘ಚೊಕ್ಕ ಮಾಡಿದ್ದೇನೆ’ ಎಂದಷ್ಟೇ ಬರೆದು, ಪರೀಕ್ಷೆಗೆಂದು ನಾಲ್ಕನೇ ಪೆಟ್ಟಿಗೆಯೊಂದಕ್ಕೇ ಹಾಕಿದ್ದಳು. ಓದಲು ಎಷ್ಟು ಸಲೀಸಾಗಿತ್ತು ಆ ಸಾಲು! ತಪ್ಪೂ ಅಷ್ಟೇ ಸಲೀಸಾಗಿ ಓದಿಸಿಕೊಂಡಿತ್ತು.

ಮೇಲೆ ಹೋಗುವಾಗ ಮೆಟ್ಟಿಲು ಎಷ್ಟು ಹತ್ತಿದಳೋ ಗೊತ್ತಾಗಲಿಲ್ಲ. ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದು ಅಣ್ಣನ ಕುರ್ಚಿಯನ್ನೇ ಎಳೆದು ತನ್ನ ಪರದೆಯ ಕಡೆ ತಿರುಗಿಸಿದಳು.

“ಈ ಒಂದು ಯಾಕಿತ್ತು?”

ಅಣ್ಣ ನೋಡಿದ. ಸ್ವಲ್ಪ ಹೊತ್ತು ಬೇಕಾಯಿತು ಅವನಿಗೆ. ಎಲ್ಲವೂ ಇದ್ದ ಆ ತಲೆಯೊಳಗೆ ಹುಡುಕಲು ಅಷ್ಟು ಹೊತ್ತು.

“ಅದು... ಏನೋ ಇತ್ತು. ದಿನದ ವಿಷಯ. ಎಲ್ಲಿ ಹೋಯ್ತು ಅದು?”

“ನಾನು ಅಳಿಸಿದೆ.”

“ನೀನು ಅಳಿಸಿದೆ!” ಅವನು ಎದ್ದು ನಿಂತ. “ಗೋಡೆ ಮೇಲೆ ಶಾಸನ ಬರೆದಿದ್ದೀಯಲ್ಲ, ಗೊತ್ತಿಲ್ಲದ ಸಾಲು ಮುಟ್ಟಬೇಡಿ ಅಂತ! ಮುಟ್ಟಿದವಳು ಯಾರು? ಎಂಟು ವರ್ಷ ಓಡಿದ್ದನ್ನ ಸಾಯಿಸಿದವಳು ಯಾರು?”

“ನಾನೇ. ಅದನ್ನ ಕೆಳಗೆ ಹೋಗಿ ಹೇಳ್ತೀನಿ, ನಿನ್ನ ಅಪ್ಪಣೆ ಬೇಕಿಲ್ಲ. ಕೇಳದೆ ಮುಟ್ಟಿದ್ದು ನನ್ನ ತಪ್ಪು. ಆದ್ರೆ ಕೇಳಿದ್ರೂ ನಿನಗೆ ಗೊತ್ತಿತ್ತಾ? ಈಗ ಕೇಳಿದೆನಲ್ಲ, ‘ಏನೋ ಇತ್ತು’ ಅಂದೆ. ಏನೋ! ಆ ಏನೋ ಕೆಳಗೆ ಬಾಗಿಲ ಮೇಲೆ ಬರೆದಿದೆ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ. ಪೇಂಟು ಡಬ್ಬಿ ಹಿಡ್ಕೊಂಡು ಆ ಮುದುಕ ಬರೆದಿದ್ದಾನೆ, ನಾಳೆ ಬರೋ ಗುರುತಿಲ್ಲದವನಿಗೋಸ್ಕರ. ನಿನಗೆ ಒಂದು ಸಾಲು ಬರೆಯೋಕೆ ಕೈ ನೋವಾಯ್ತಾ?”

“ಆಗ ಪೆಟ್ಟಿಗೆಯ ಮೆಮೊರೀಲಿ ಜಾಗ ಇರಲಿಲ್ಲ ಕಣೆ.”

“ಟಿಪ್ಪಣಿ ಮೆಮೊರಿಗೆ ಹೋಗಲ್ಲ ಅಣ್ಣ. ಅದು ಓದೋರಿಗೆ. ಅದನ್ನ ನನಗೆ ಹೇಳಿಕೊಟ್ಟವನೇ ನೀನು.”

ಅವನು ಕಿಟಕಿಯ ಕಡೆ ತಿರುಗಿದ.

“ಆವತ್ತು ಬೆಳಿಗ್ಗೆ ಅಜ್ಜ ಫೋನ್ ಮಾಡಿದ್ನಾ ನಿನಗೆ?” ಅವಳು ಕೇಳಿದಳು.

ಅಣ್ಣ ಕಿಟಕಿಯ ಗಾಜಿನ ಮೇಲಿನ ಮಂಜು ಒರೆಸಿದ.

“ಮಾಡಿದ್ನಾ, ಇಲ್ವಾ?”

“ನಿದ್ದೇಲಿದ್ದೆ.”

“ಎದ್ದ ಮೇಲೆ? ಮೂರು ದಿನದಿಂದ ಎದ್ದೇ ಇದ್ದೀಯಲ್ಲ. ಯಜಮಾನಿಗೆ ಏಳು ಎಂಟು ತೋರಿಸುವಾಗ ಎಚ್ಚರ ಇತ್ತಲ್ಲ. ನಡಿ ಕೆಳಗೆ.”

“ಕೂಗಬೇಡ. ಕೆಲಸದವರಿಗೆ ಕೇಳಿಸುತ್ತೆ.”

“ಕೇಳಿಸಲಿ ಅಂತಾನೇ ಕೂಗ್ತಿರೋದು!”

ಕೆಳಗೆ ಟ್ರೇ ದಾಟಿಸುವುದು ಆಗಲೇ ನಿಂತಿತ್ತು. ಯಜಮಾನಿ ಕೀಲಿಕೈ ತೆಗೆದುಕೊಳ್ಳಲು ಬಂದು, ಮೇಲಿನ ಗದ್ದಲ ಕೇಳಿ ಹಾಗೇ ನಿಂತಿದ್ದರು. ಗಿಡ್ಡ ಹೆಂಗಸು, ಉಣ್ಣೆಯ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದರು. ತಂಗಿ ಅಣ್ಣನೊಡನೆ ಇಳಿದು ಬಂದು ಅವರ ಮುಂದೆ ನಿಂತು ನಾಲ್ಕನೇ ಬಾಗಿಲು ತೋರಿಸಿದಳು. ಗೆರೆ ಎಣಿಸಿದಳು. ಚೌಕಟ್ಟಿನ ಮೇಲಿನದನ್ನು ಗಟ್ಟಿಯಾಗಿ ಓದಿದಳು. ಆ ಒಂದು ದಿನ ಕೋಡಿನಲ್ಲಿ ಇತ್ತೆಂದೂ, ಯಾಕಿತ್ತೆಂದು ಯಾರೂ ಬರೆದಿರಲಿಲ್ಲವೆಂದೂ, ಕೇಳದೆ ಅಳಿಸಿದ್ದು ತಾನೆಂದೂ, ಆ ಬೆಳಿಗ್ಗೆ ಅಜ್ಜ ಗುಂಡಿ ಒತ್ತಿದ್ದು ಮರಿ ಉಳಿಸಲಿಕ್ಕೆಂದೂ ಹೇಳಿದಳು. ಫೋನಿನ ವಿಷಯ ಹೇಳಲಿಲ್ಲ. ಅದನ್ನು ಹೇಳಬೇಕಾದವನು ಪಕ್ಕದಲ್ಲೇ ನಿಂತಿದ್ದ.

ಆಮೇಲೆ ಕಾವಜ್ಜನ ಕಡೆ ತಿರುಗಿದಳು. “ತಪ್ಪಾಯ್ತು ಅಜ್ಜ.”

ಕಾವಜ್ಜ ತಲೆಯಾಡಿಸಿದ. ಕ್ಷಮಿಸಿದೆ ಅನ್ನಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

ಯಜಮಾನಿ ಅಣ್ಣನ ಮುಖ ನೋಡಿದರು. “ಇವಳು ಹೇಳ್ತಿರೋದು ನಿಜಾನಾ?”

“ಪೆಟ್ಟಿಗೇಲಿ ಸಣ್ಣ ದೋಷ ಆಗಿದೆ,” ಅಂದ ಅಣ್ಣ. “ಸರಿ ಮಾಡ್ತೀವಿ. ನಷ್ಟಾನೂ ನಾವೇ ನೋಡ್ಕೋತೀವಿ.”

“ಪೆಟ್ಟಿಗೇಲಿ,” ಅಂದರು ಯಜಮಾನಿ. “ಮೊನ್ನೆ ಅಜ್ಜನ ಹೆಸರು ಹೇಳುವಾಗ ಬಾಯಿ ಸರಾಗವಾಗಿ ಓಡ್ತಿತ್ತಲ್ಲಪ್ಪ. ಇವತ್ತು ಪೆಟ್ಟಿಗೆ ಅಂತೀಯ.” ಅವರು ಕಾವಜ್ಜನ ಕಡೆ ತಿರುಗಿ ಹೇಳಿದರು: “ಕೀಲಿಕೈ ನಿನ್ನ ಹತ್ರಾನೇ ಇರಲಿ. ನಾನೂ ಬಾಗಿಲು ನೋಡ್ದೆ ಕಾಗದ ನೋಡಿದೆ.”

“ಇರ್ತೀನಮ್ಮಾ,” ಅಂದ ಕಾವಜ್ಜ. ಆದರೆ ಚೀಲ ಬಿಚ್ಚಲಿಲ್ಲ. ಅಣ್ಣನನ್ನೇ ನೋಡುತ್ತ ನಿಂತ. ದಿಟ್ಟಿಸುವ ನೋಟವಲ್ಲ ಅದು. ಮೊಟ್ಟೆಯನ್ನು ಕಿವಿಗೆ ಹಿಡಿದು ಒಡಕಿನ ಸದ್ದಿಗೆ ಕಾಯುವಾಗ ಅವನ ಮುಖ ಹೇಗಿರುತ್ತಿತ್ತೋ ಹಾಗಿತ್ತು. ಕೆಲಸದವರೂ ಕಾದರು. ಅಣ್ಣ ಜೇಬಿನಿಂದ ಫೋನು ತೆಗೆದ, ಯಾರ ಕರೆಯೂ ಬಂದಿರಲಿಲ್ಲ, ಆದರೂ ಕಿವಿಗಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದ.

“ಹೋಗ್ಲಿ ಬಿಡಿ, ಮೊಟ್ಟೆ ತಣ್ಣಗಾಗ್ತಿದೆ,” ಎಂದು ಸಾಲಿನಲ್ಲಿದ್ದವಳೊಬ್ಬಳು ಹೇಳಿದಳು.

“ಅವು ಮೊದಲೇ ತಣ್ಣಗಿವೆ,” ಅಂದ ಕಾವಜ್ಜ. ಇಬ್ಬರು ಮೂವರು ನಕ್ಕರು. ಅವನು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಣ್ಣನ ತಿದ್ದುಪಡಿ ತಂಗಿಯ ಪರದೆಗೆ ಬಂತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಪೆಟ್ಟಿಗೆಗೆ ಹೋಗಬೇಕೆಂಬುದು ಗೋಡೆಯ ಹಾಳೆಯ ಕೊನೆಯ ನಿಯಮ. ಎರಡು ವರ್ಷದಲ್ಲಿ ಅಣ್ಣ ಅದನ್ನು ಪಾಲಿಸಿದ್ದು ಇದೇ ಮೊದಲು. ಅಳಿಸಿಹೋಗಿದ್ದ ಒಂದು ವಾಪಸು ಬಂದಿತ್ತು. ಮೇಲೆ ‘ದಿನ ಸರಿಪಡಿಸಿದೆ’ ಎಂದು ಟಿಪ್ಪಣಿ. ಅವಳು ‘ಯಾಕೆ?’ ಎಂದು ಬರೆದು ಹಿಂದಕ್ಕೆ ಕಳಿಸಿದಳು. ಇಬ್ಬರ ನಡುವೆ ಒಂದು ಗೋಡೆ ಅಷ್ಟೆ. ಆಚೆಯಿಂದ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

ಎರಡನೆಯ ಸಲ ‘ತುಂಬಿದ ದಿನವನ್ನು ಎಣಿಸಬಾರದು’ ಎಂದು ಬಂತು. ‘ಯಾಕೆ?’ ಎಂದು ಮತ್ತೆ ಕಳಿಸಿದಳು.

ಮೂರನೆಯ ಸಲ ಬಂದದ್ದು ನಾಲ್ಕು ಸಾಲು. ತಣ್ಣನೆಯ ಮೊಟ್ಟೆ, ಬೆಚ್ಚಗಾಗುವ ರಾತ್ರಿ, ಮಾರನೆಯ ಬೆಳಗು, ಎಲ್ಲ ಇತ್ತು. ಕೂಡಿಸುವ ಒಂದಕ್ಕೂ ಹೆಸರಿಟ್ಟಿದ್ದ. ತಾನಾಗಿ ನಿಂತದ್ದಕ್ಕೆ ಏಳು, ಕೈಯಿಂದ ನಿಲ್ಲಿಸಿದ್ದಕ್ಕೆ ಒಂಬತ್ತು ಎಂದು ಬೇರೆ ಮಾಡಿದ್ದ. ಮನಸ್ಸು ಮಾಡಿದರೆ ಎಷ್ಟು ಚೆನ್ನಾಗಿ ಬರೆಯಬಲ್ಲ ಎಂದು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು. ಇದನ್ನು ಹೇಳಿಕೊಟ್ಟವರು ಯಾರೆಂದು ಮಾತ್ರ ಎಲ್ಲೂ ಇರಲಿಲ್ಲ. ‘ಯಾರು ಹೇಳಿದ್ದು?’ ಎಂದು ಬರೆದು ಕಳಿಸಿದಳು.

ಗೋಡೆಯಾಚೆ ಕುರ್ಚಿ ಹಿಂದಕ್ಕೆ ಸರಿಯಿತು, ಪರದೆಗೆ ಏನೂ ಬರಲಿಲ್ಲ.

ಅವಳು ನಾಲ್ಕು ಗಂಟೆಯವರೆಗೆ ಕಾದಳು. ಆಮೇಲೆ ಕೆಳಗಿಳಿದು, ಅಣ್ಣನಿಗೂ ತನಗೂ ಮಾತ್ರ ಗೊತ್ತಿದ್ದ ಗುಟ್ಟಿನ ಸಂಖ್ಯೆ ಒತ್ತಿ, ನಾಲ್ಕನೇ ಪೆಟ್ಟಿಗೆಯನ್ನು ಕೋಡಿನಿಂದ ಬಿಡಿಸಿ ಕೈಯಿಂದ ನಡೆಯುವಂತೆ ಮಾಡಿದಳು. “ಉತ್ತರ ಬರೋವರೆಗೆ ಇದು ನಿನ್ನ ಕೈಯಲ್ಲೇ ಅಜ್ಜ. ಇಪ್ಪತ್ತೊಂದು ದಿನವಾದ್ರೂ ಸರಿ.”

“ನನಗೇನು ಹೊಸದಾ?” ಅಂದ ಅವನು. ಚೀಲದಿಂದ ಥರ್ಮಾಮೀಟರು ತೆಗೆದು, ಕೊಡವಿ, ಬಾಗಿಲಿನ ಗಾಜಿನ ಒಳಬದಿಗೆ ತೂಗುಹಾಕಿದ. ಹೊಸ ಮೊಟ್ಟೆಯ ಟ್ರೇಗಳು ಒಂದೊಂದಾಗಿ ಒಳಗೆ ಹೋದವು. ಕೊನೆಯದನ್ನು ತಳ್ಳಿ ಬಾಗಿಲು ಹಾಕಿ, ಒದ್ದೆ ಬಟ್ಟೆ ತಂದು ಹಳೆಯ ಇಪ್ಪತ್ತು ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಒರೆಸಿದ.

“ನಿಮ್ಮಣ್ಣ ಬರ್ತಾರಾ ಕೆಳಗೆ?” ಎಂದು ಬಟ್ಟೆ ಹಿಂಡುತ್ತ ಕೇಳಿದ.

“ಗೊತ್ತಿಲ್ಲ.”

ಮೇಲಿನ ಕೋಣೆಯಲ್ಲಿ ದೀಪ ಹತ್ತಿತು. ಕಿಟಕಿಯಲ್ಲಿ ಅಣ್ಣನ ತಲೆ ಕಾಣಿಸುತ್ತಿತ್ತು, ಅಲುಗಾಡದೆ. ಕಾವಜ್ಜ ಒಮ್ಮೆ ಅತ್ತ ನೋಡಿದ. ಸುಣ್ಣದ ಕಡ್ಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, ಗೆರೆ ಹಾಕದೆ, ಐದನೇ ಪೆಟ್ಟಿಗೆಯ ಕಡೆ ಹೋದ.